ಪ್ರೆಸ್ಸಿನ ಹೆಸರನ್ನೂ ಬಿಡದೆ ಓದುತ್ತಿದ್ದ ವಕೀಲರು

ಈ ಅಭಿನಂದನ ಸಂಪುಟಕ್ಕೆ ಲೇಖನ ಬೇಕೆಂದು ಸಮಿತಿಯವರ ಕಾಗದ ಬಂದ ದಿನ ನನ್ನ ದಿನಚರಿಯಲ್ಲಿ ಹೀಗೆ ಬರೆದುಕೊಂಡೆ: “ಅವರನ್ನು ಕುರಿತು ಬರೆಯಬೇಕಾದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ. ಅದನ್ನು ಬಿಟ್ಟು ಬರೆದರೆ ಸಂಪುಟ ಓದುವ ಬೇರೆ ಯಾರಿಗೂ ತಿಳಿಯದು. ಅವರಿಗೆ ಮಾತ್ರ ತಿಳಿಯುತ್ತದೆ.” ಮೂರು ದಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ನಾಲ್ಕನೆಯ ದಿನ ಒಪ್ಪಿಗೆ ಬರೆದೆ.

ಕೊಳ್ಳೇಗಾಲದ ಮುನ್ಸೀಫ್ ನ್ಯಾಯಾಲಯದಲ್ಲಿ ಮೂವತ್ತಾರು ವರ್ಷಗಳ ಕಾಲ ವಕೀಲಿ ನಡೆಸಿ, ಅರವತ್ತೈದನೆಯ ವಯಸ್ಸಿನಲ್ಲಿ ವೃತ್ತಿಯಿಂದ ವಿಶ್ರಾಂತರಾಗುತ್ತಿರುವ ಪೂಜ್ಯ ಶ್ರೀ ಗುರುಪಾದಸ್ವಾಮಿಯವರ ಹೆಸರು ಈ ಸೀಮೆಯ ಜನಕ್ಕೆ ಹೊಸದಲ್ಲ. ಗದ್ದೆಯ ಬದುವಿನ ವ್ಯಾಜ್ಯ, ಕಾಲುವೆಯ ನೀರಿನ ಸರದಿ, ಅಣ್ಣತಮ್ಮಂದಿರ ಪಾಲು ಪಾರೀಕತ್ತುಗಳಲ್ಲಿ ಅವರಿಗಿದ್ದ ಪರಿಶ್ರಮವನ್ನು ಅವರ ಸಹೋದ್ಯೋಗಿಗಳು ಇದೇ ಸಂಪುಟದಲ್ಲಿ ವಿವರಿಸಿದ್ದಾರೆ. ಆದರೆ ಕಂಪನಿಯ ಷೇರು ಎಂಬ ಮಾತನ್ನೇ ಕೇಳರಿಯದ ನಮ್ಮ ಊರುಗಳಲ್ಲಿ, ಷೇರಿನ ಹೆಸರಿನಲ್ಲಿ ಮೋಸಹೋದವರಿಗೆ ಕಾನೂನಿನ ಆಸರೆಯೊಂದು ಉಂಟೆಂದು ಮೊದಲು ತೋರಿಸಿಕೊಟ್ಟವರು ಅವರೇ. ನಾನು ಬರೆಯಬೇಕಾದದ್ದು ಆ ಒಂದು ಮೊಕದ್ದಮೆಯ ಸಂಗತಿ. ನಾನು ಅವರ ಶಿಷ್ಯೆಯಲ್ಲ, ಸಹೋದ್ಯೋಗಿಯಂತೂ ಅಲ್ಲ. ಮಧುವನಹಳ್ಳಿಯ ಕೆಂಪನಂಜಪ್ಪನವರ ಕಿರಿಮಗಳು, ಒಂದು ಬೇಸಿಗೆ ಅವರ ಆಫೀಸಿನಲ್ಲಿ ಕುಳಿತು ನಕಲು ಬರೆದವಳು.

ಅವರು ಸಾವಿರದ ಒಂಬೈನೂರ ಹದಿನೆಂಟರಲ್ಲಿ ಈ ಊರಿನಲ್ಲಿ ಆಫೀಸು ತೆರೆದಾಗ ಎರಡು ಪದ್ಧತಿಗಳನ್ನು ಇಟ್ಟುಕೊಂಡರೆಂದು ಅವರ ಗುಮಾಸ್ತೆ ಮಹದೇವು ಹೇಳುತ್ತಾರೆ. ಮೊದಲನೆಯದು, ಹೆಂಗಸರು ಕೂರುವ ಬೆಂಚು ಜಗಲಿಯ ಮೇಲಲ್ಲ, ಒಳಗೆ, ಪುಸ್ತಕದ ಬೀರುವಿನ ಪಕ್ಕದಲ್ಲಿ, ಬೀದಿಗೆ ಬೆನ್ನಾಗಿ ಇರಬೇಕು. ಎರಡನೆಯದು, ಕಕ್ಷಿಗಾರ ಯಾವ ಕಾಗದ ತಂದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಅವನ ಎದುರಿಗೇ ಗಟ್ಟಿಯಾಗಿ ಓದಬೇಕು. ಇಂಗ್ಲಿಷಿನಲ್ಲಿದ್ದರೆ ಒಂದು ಸಲ ಇಂಗ್ಲಿಷಿನಲ್ಲಿ, ಒಂದು ಸಲ ಕನ್ನಡದಲ್ಲಿ. ಕೆಳಗಡೆ ಸಣ್ಣಕ್ಷರದಲ್ಲಿ ಅಚ್ಚಾದ ಪ್ರೆಸ್ಸಿನ ಹೆಸರನ್ನೂ ಅವರು ಬಿಡುತ್ತಿರಲಿಲ್ಲ. ನಮ್ಮೂರಿನ ಚಿಕ್ಕಸಿದ್ದಯ್ಯ ಒಮ್ಮೆ ಇದನ್ನು ಕೇಳಿ ಗಾಬರಿಯಾದದ್ದನ್ನು ಈಗಲೂ ಜನ ಆಡಿಕೊಂಡು ನಗುತ್ತಾರೆ.

“ಕೊನೇಲಿ ಓದುದ್ರಲ್ಲ ಸಾ, ಅಂವ ಯಾರು? ನಂಗೂ ಅಂವುಂಗೂ ಯಾಜ್ಯ ಇಲ್ವಲ್ಲ.”

“ಅವನು ಈ ಕಾಗದ ಅಚ್ಚು ಹಾಕಿದವನು ಕಣಯ್ಯ.”

“ಅಂವುನ್ನ ಯಾಕ್ ಎಳುದ್ರಿ ಮತ್ತ ಕೋರ್ಟ್ಗೆ? ಪಾಪ.”

“ಎಳೆದಿಲ್ಲ. ನೀನು ಹೆಬ್ಬೆಟ್ಟು ಒತ್ತೋ ಕಾಗದದ ಮೇಲೆ ಏನೇನಿದೆಯೋ ಅಷ್ಟೂ ನಿನ್ನ ಕಿವಿಗೆ ಬೀಳ್ಲಿ ಅಂತ ಓದಿದೆ.”

ಯುದ್ಧದ ವರ್ಷಗಳಲ್ಲಿ ರೇಷ್ಮೆಗೂಡಿಗೆ ಎಂದೂ ಇಲ್ಲದ ಬೆಲೆ ಬಂದು ನಮ್ಮ ಕಡೆಯ ಮನೆಗಳಲ್ಲಿ ಒಂದಿಷ್ಟು ಹಣ ಓಡಾಡುತ್ತಿತ್ತು. ಆ ಹಣದ ವಾಸನೆ ಹಿಡಿದು ನಲವತ್ತಾರನೆಯ ಇಸವಿಯಲ್ಲಿ ಸ್ವರ್ಣತಂತು ರೇಷ್ಮೆ ಗಿರಣಿ ಎಂಬ ಬೆಂಗಳೂರಿನ ಕಂಪನಿಯ ಏಜೆಂಟನೊಬ್ಬ ಬಂದ. ಅವನು ಮನೆಮನೆ ಅಲೆಯಲಿಲ್ಲ. ನಮ್ಮಕ್ಕನ ವೀಳ್ಯಶಾಸ್ತ್ರದ ದಿನವನ್ನು ಹೇಗೋ ತಿಳಿದುಕೊಂಡು ಅಂದು ಸಂಜೆಯ ಹೊತ್ತಿಗೆ ನಮ್ಮ ಬಾಗಿಲಿಗೇ ಬಂದ. ಗಂಡಿನ ಕಡೆಯವರು ಶಾಗ್ಯದಿಂದ ಬಂದಿದ್ದರು, ನಮ್ಮ ತಾಯಿಯ ಕಡೆಯವರು ಮಾಂಬಳ್ಳಿಯಿಂದ ಬಂದಿದ್ದರು. ನಮ್ಮ ಕೊಳ್ಳೇಗಾಲದಂತೆ ಮದರಾಸು ಸರ್ಕಾರಕ್ಕೆ ಸೇರಿದ ಶಾಗ್ಯ, ಮೈಸೂರು ಸಂಸ್ಥಾನದ ಮಾಂಬಳ್ಳಿ, ಎರಡೂ ಅಂದು ನಮ್ಮ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದವು.

ಏಜೆಂಟನ ಕೈಯಲ್ಲಿ ಕನ್ನಡದಲ್ಲಿ ಅಚ್ಚಾದ ಹತ್ತು ಹಾಳೆಯ ಪುಸ್ತಿಕೆಯಿತ್ತು. ತಾನೇ ಓದಿದರೆ ಜನ ಅನುಮಾನಿಸುತ್ತಾರೆಂದು ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ. “ನಿಮ್ಮೋರೇ ಯಾರಾದ್ರೂ ಓದಿ, ಎಲ್ರೂ ಕೇಳ್ಳಿ” ಎಂದ. ಬೀದಿಯಲ್ಲಿ ಶಾಲೆಗೆ ಹೋಗುತ್ತಿದ್ದ ಹೆಣ್ಣುಮಗಳು ನಾನೊಬ್ಬಳೇ, ಹದಿಮೂರು ವರ್ಷ. ನಮ್ಮ ತಂದೆಯವರು ನನ್ನನ್ನು ಕಂಬದ ಪಕ್ಕದಲ್ಲಿ ಕೂರಿಸಿದರು. ನಾನು ಓದಿದೆ. ಗಿರಣಿಯ ಚಿತ್ರ, ನೂಲಿನ ಲೆಕ್ಕ, ಲಾಭದ ಲೆಕ್ಕ, ಎಲ್ಲವನ್ನೂ ಶಾಲೆಯಲ್ಲಿ ಪದ್ಯ ಓದುವ ಹಾಗೆ ಓದಿದೆ. ಜನ ತಲೆದೂಗುತ್ತಿದ್ದರು. ಏಳನೆಯ ಪುಟಕ್ಕೆ ಬಂದಾಗ ಅಕ್ಷರ ಸಣ್ಣದಾಯಿತು. ಏಜೆಂಟ ಬಗ್ಗಿ, ಮೆಲ್ಲಗೆ, “ಅದನ್ನ ಬಿಡು ತಾಯಿ, ಅದು ಸರ್ಕಾರದೋರಿಗೆ ಹಾಕಿರೋ ಪುಟ” ಎಂದ. ಅಷ್ಟರಲ್ಲಿ ಮೇಲಿನ ಸಾಲು ನನ್ನ ಕಣ್ಣಿಗೆ ಬಿದ್ದಾಗಿತ್ತು: ಷೇರಿನ ಬೆಲೆ ಹತ್ತು ರೂಪಾಯಿ, ಈಗ ಕೊಡುವುದು ಐದು, ಕಂಪನಿ ಕೇಳಿದಾಗ ಉಳಿದ ಐದನ್ನು ಕೊಡಲು ಷೇರುದಾರನು ಬದ್ಧನು. ಏಜೆಂಟನಾದರೋ ಐದೇ ರೂಪಾಯಿ, ಅಲ್ಲಿಗೆ ಮುಗಿಯಿತು ಎಂದು ಎಲ್ಲರಿಗೂ ಹೇಳಿದ್ದ. ಅದು ಸರಿಯಲ್ಲವೆಂದು ನನಗೆ ಹೊಳೆಯಿತು; ಕೇಳಬೇಕೆನ್ನಿಸಿತು; ಆದರೆ ಎಲ್ಲರೂ ನನ್ನ ಓದನ್ನು ಮೆಚ್ಚಿಕೊಂಡು ಕುಳಿತಿರುವಾಗ ತಡವರಿಸುವುದಕ್ಕೆ ಮನಸ್ಸಾಗಲಿಲ್ಲ. ಸಣ್ಣಕ್ಷರ ದಾಟುವಂತೆ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿ ಮುಂದಿನ ಪುಟ ಓದಿದೆ.

ಆ ಸಂಜೆ ಮೂವತ್ತೊಂಬತ್ತು ಜನ, ಅವರಲ್ಲದೆ ನಮ್ಮ ತಂದೆಯವರು, ಷೇರು ಕೊಂಡರು. ‘ಪೂರ್ತಿ ಓದಿಸಿ ಕೇಳಿ ತಿಳಿದಿದ್ದೇನೆ’ ಎಂಬ ಸಾಲಿನ ಕೆಳಗೆ ರುಜು ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು.

ಗಿರಣಿ ಕಟ್ಟಲೇ ಇಲ್ಲ. ನಲವತ್ತೊಂಬತ್ತರ ಬೇಸಿಗೆಯಲ್ಲಿ ಉಳಿದ ಐದು ರೂಪಾಯಿ ಕಟ್ಟಿರೆಂದು ಇಂಗ್ಲಿಷಿನ ನೋಟೀಸುಗಳು ಬಂದವು. ಅಕ್ಕನ ಅತ್ತೆ, ಶಾಗ್ಯದ ಗುರುಬಸಮ್ಮನವರು, ನಲವತ್ತು ಷೇರು ಕೊಂಡಿದ್ದರು. ಹೋದ ಇನ್ನೂರು ರೂಪಾಯಿಯ ಮೇಲೆ ಇನ್ನೂ ಇನ್ನೂರು ಕೊಡಬೇಕೆಂದು ತಿಳಿದಾಗ ಆಕೆ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೊಳ್ಳೇಗಾಲಕ್ಕೆ ಬಂದು ಗುರುಪಾದಸ್ವಾಮಿಯವರ ಮೇಜಿನ ಮೇಲೆ ಬಟ್ಟೆಯ ಗಂಟು ಬಿಚ್ಚಿದರು. ಷೇರಿನ ಪತ್ರಗಳನ್ನು ಆಕೆ ದೇವರ ಗೂಡಿನಲ್ಲಿಟ್ಟು ಮೂರು ವರ್ಷ ಪೂಜಿಸಿದ್ದರು. ಅರಿಸಿನ ಕುಂಕುಮದಲ್ಲಿ ಅರ್ಧ ಅಕ್ಷರ ಮುಚ್ಚಿಹೋಗಿತ್ತು. ಮಹದೇವು ಒರೆಸಲು ಹೋದಾಗ ಸ್ವಾಮಿಯವರು ತಡೆದು, “ಇರಲಿ. ಕೋರ್ಟಿಗೆ ಹೀಗೇ ಹೋಗಲಿ. ಇದನ್ನ ಎಷ್ಟು ನಂಬಿದ್ರು ಅನ್ನೋದು ಗೊತ್ತಾಗ್ಲಿ” ಎಂದರಂತೆ.

ಅವರು ಕಂಪನಿ ಕಾಯಿದೆಯ ಪುಸ್ತಕವನ್ನು ಕೊಯಮತ್ತೂರಿನಿಂದ ತರಿಸಿಕೊಂಡು ಓದಿದ್ದು ಅರವತ್ತರ ಆ ವಯಸ್ಸಿನಲ್ಲಿ. ಓದಿ ತಿಳಿದದ್ದನ್ನು ನಮ್ಮ ಜನಕ್ಕೆ ಹೀಗೆ ಹೇಳಿದರು: ಮೋಸದಿಂದ ಷೇರು ಕೊಟ್ಟರೆಂದು ದಾವೆ ಹಾಕಿ ಷೇರುದಾರರ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಬಹುದು, ಆದರೆ ಕಂಪನಿಯನ್ನು ಮುಚ್ಚಿಸುವ ಅರ್ಜಿ ಬೆಂಗಳೂರಿನ ನ್ಯಾಯಾಲಯಕ್ಕೆ ಬೀಳುವುದಕ್ಕೆ ಮೊದಲೇ ಹಾಕಬೇಕು, ಆಮೇಲೆ ಹಾಕಿದರೆ ಮೋಸಹೋದವನೂ ಉಳಿದದ್ದನ್ನು ಕಟ್ಟಲೇಬೇಕು. ಲಾಭಾಂಶವೆಂದು ಬಂದ ಹಣ ಮುಟ್ಟಿದವನಿಗೆ ಈ ದಾರಿಯೂ ಇಲ್ಲ. ನಮ್ಮ ತಂದೆಯವರು ಮಾತ್ರ ಹಿಂದೊಮ್ಮೆ ಅಂಥ ಮನಿಯಾರ್ಡರೊಂದಕ್ಕೆ ರುಜು ಹಾಕಿ ಹಣ ತೆಗೆದುಕೊಂಡಿದ್ದರು.

“ನಂದು ಬುಡಿ ಸಾ,” ಎಂದರು ನಮ್ಮ ತಂದೆ. “ನಾನು ತಿಂದಿವ್ನಿ, ನಾನೇ ಕಕ್ತೀನಿ. ಅವುರ್ನ ಉಳುಸ್ಕೊಡಿ. ನಮ್ಮನೆ ಜಗಲೀಲಿ ಕೂತು ಮೋಸೋದೋರು.”

ಆ ಏಪ್ರಿಲ್ ಮೇ ತಿಂಗಳುಗಳಲ್ಲಿ ಸ್ವಾಮಿಯವರು ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಿರುಗಿದರು. ಶಾಗ್ಯಕ್ಕೆ ಗಾಡಿಯಲ್ಲಿ, ಮಾಂಬಳ್ಳಿಗೆ ಬಾಡಿಗೆ ಸೈಕಲ್ಲಿನ ಹಿಂದೆ ಕುಳಿತು. ಮಾಂಬಳ್ಳಿಯವರು ಯಳಂದೂರಿನ ಕಡೆಯ ಮೈಸೂರು ಸೀಮೆಯವರಾದ್ದರಿಂದ ಅಲ್ಲಿನ ಕೋರ್ಟಿನಲ್ಲಿ ಇವರು ನಿಲ್ಲುವಂತಿರಲಿಲ್ಲ. ಹೀಗಾಗಿ ಎಲ್ಲರನ್ನೂ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಎಷ್ಟು ಹೋಯಿತು ಎಂದಲ್ಲ, “ಹಣ ಕೊಟ್ಟಾಗ ಎಲ್ಲಿ ಕೂತಿದ್ರಿ?” ಎಂದು. ಮಧುವನಹಳ್ಳಿಯ ಜಗಲಿಯಲ್ಲಿ ಎಂದು ಪ್ರತಿಯೊಬ್ಬನ ಬಾಯಿಂದ ಬಂದರೆ ಅವರೆಲ್ಲರ ಪರವಾಗಿ ಕೊಳ್ಳೇಗಾಲದಲ್ಲೇ ದಾವೆ ಹಾಕಬಹುದಿತ್ತು. ಅದಕ್ಕಾಗಿ ನಮ್ಮ ಜಗಲಿಯ ನಕ್ಷೆಯೊಂದನ್ನು ಬರೆದು, ಒಬ್ಬೊಬ್ಬರೂ ಕುಳಿತ ಜಾಗದಲ್ಲಿ ಅವರವರ ಹೆಸರು ಗುರುತಿಸಿದ್ದರು.

ಹೇಳಿಕೆಗಳ ನಕಲು ಬರೆಯಲು ಅಕ್ಷರ ಚೆನ್ನಾಗಿರುವವರು ಬೇಕಾಗಿ ಅವರು ನಮ್ಮ ತಂದೆಯವರನ್ನು ಕೇಳಿದರು. ಹೈಸ್ಕೂಲು ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನನ್ನನ್ನು ತಂದೆಯವರು ಕಳಿಸಿದರು. ನಾನು ಬೀರುವಿನ ಪಕ್ಕದ ಬೆಂಚಿನಲ್ಲಿ ಕುಳಿತು, ಮಣೆ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ. ಹೇಳಿಕೆಯಾದ ಮೇಲೆ ಹೇಳಿಕೆಯಲ್ಲಿ ಒಂದೇ ಮಾತು ಬರುತ್ತಿತ್ತು: ‘ಕೆಂಪನಂಜಪ್ಪನವರ ಮಗಳು ಒಂದಕ್ಷರವೂ ಬಿಡದಂತೆ ಓದಿದಳು.’ ನಮ್ಮ ಜನ ನನ್ನ ಮೇಲಿನ ಮಮತೆಯಿಂದ, ನನಗೆ ಕೆಟ್ಟ ಹೆಸರು ಬಾರದಿರಲೆಂದು ಹೇಳುತ್ತಿದ್ದ ಆ ಮಾತೇ ಅವರ ಕತ್ತಿಗೆ ಬರುವುದೆಂದು ನನಗೆ ಅರ್ಥವಾಗಿತ್ತು. ಎಲ್ಲವನ್ನೂ ಓದಿ ಕೇಳಿದ್ದರೆ ಉಳಿದ ಐದು ರೂಪಾಯಿಯ ಸಂಗತಿ ಅವರಿಗೆ ಗೊತ್ತಿದ್ದಂತಾಯಿತು. ಗೊತ್ತಿದ್ದು ಕೊಂಡವನಿಗೆ ಮೋಸವೆಲ್ಲಿ? ಒಂಬತ್ತನೆಯ ಹೇಳಿಕೆಯಲ್ಲಿ ಆ ಸಾಲಿಗೆ ಬಂದಾಗ ನನ್ನ ಕೈ ನಿಂತುಹೋಯಿತು. ಸ್ವಾಮಿಯವರು ಮೇಜಿನಿಂದ ನೋಡಿದರು. “ಕೈ ನೋಯ್ತಾ? ಒಂದ್ಲೋಟ ನೀರು ಕುಡಿದು ಬರಿ, ಅವಸರವಿಲ್ಲ” ಎಂದಷ್ಟೇ ಅಂದರು.

ನಾನು ನೀರಿಗೆಂದು ಒಳಗೆ ಹೋದಾಗ ಮಹದೇವು ಆಡಿದ ಮಾತು ಗೋಡೆಯಾಚೆಗೂ ಕೇಳಿಸಿತು.

“ಆ ಎಣ್ಣಿಗೆ ಏನೋ ಗೊತ್ತು ಸಾ. ಸಮನ್ಸ್ ಆಕ್ಸುಬುಡಿ, ಎದುರ್ಕಂಡಾದ್ರೂ ಏಳ್ತದ.”

“ಹೆದರಿಸಿ ಹೇಳ್ಸಿದ್ದನ್ನ ತಕೊಂಡು ನಾನೇನು ಮಾಡ್ಲಿ, ಮಾದೇವು? ಇನ್ನೂ ಮಗು ಅದು. ಅವರಕ್ಕನ್ನ ಕೊಟ್ಟಿರೋ ಮನೆಯೋರ ದುಡ್ಡೇ ಹೋಗಿದೆ. ನಕಲು ಬರೀಲಿ, ಬಿಡು.”

ಅಂದು ದಿನಚರಿಯಲ್ಲಿ ಏನನ್ನೂ ಬರೆಯಲಾಗಲಿಲ್ಲ. ಅವರಿಗೆ ಎಲ್ಲವೂ ಹೊಳೆದಿತ್ತು; ಹೊಳೆದೂ ನನ್ನನ್ನು ನನ್ನಷ್ಟಕ್ಕೆ ಬಿಟ್ಟಿದ್ದರು. ಅಕ್ಕನಿಗೆ ಆಗ ಆರು ತಿಂಗಳು ತುಂಬಿತ್ತು. ತಂಗಿಯಿಂದ ಮನೆ ಹಾಳಾಯಿತೆಂದು ಶಾಗ್ಯದಲ್ಲಿ ಯಾರಾದರೂ ಅಂದರೆ ಅವಳ ಗತಿಯೇನೆಂಬ ಒಂದೇ ಭಯದಿಂದ ನಾನು ಬಾಯಿ ಮುಚ್ಚಿಕೊಂಡೇ ಮೈಸೂರಿನ ಕಾಲೇಜಿಗೆ ಹೋದೆ.

ಬೇಸಿಗೆಯ ರಜೆ ಮುಗಿದು ಕೋರ್ಟು ತೆರೆದ ಮೊದಲನೆಯ ದಿನವೇ ದಾವೆ ದಾಖಲಾಯಿತು. ಅದಾಗಿ ಒಂಬತ್ತನೆಯ ದಿನ ಕಂಪನಿಯನ್ನು ಮುಚ್ಚಿಸುವ ಅರ್ಜಿ ಬೆಂಗಳೂರಿನಲ್ಲಿ ಬಿತ್ತು. ಆ ಒಂಬತ್ತು ದಿನಗಳನ್ನು ನಮ್ಮವರಿಗೆ ಗಳಿಸಿಕೊಟ್ಟವರು ಸ್ವಾಮಿಯವರು. ಬೆಂಗಳೂರಿನ ನ್ಯಾಯಾಲಯದಿಂದ ಅನುಮತಿ ತರಿಸಿಕೊಂಡು ಅವರು ದಾವೆಯನ್ನು ಮುಂದುವರಿಸಿದರು.

ಇಲ್ಲಿ ಹಾರೈಕೆಯ ಮಾತನ್ನು ಬರೆದುಬಿಡುತ್ತೇನೆ. ಇದರ ಮುಂದಿನದನ್ನು ಬರೆದ ಮೇಲೆ ಬೇರೇನನ್ನೂ ಬರೆಯಲು ನನ್ನಿಂದಾಗದೆಂದು ತೋರುತ್ತದೆ. ಐವತ್ತನೆಯ ಇಸವಿಯ ಜುಲೈಯಲ್ಲಿ ಮೂವತ್ತೊಂಬತ್ತು ಹೆಸರುಗಳೂ ಷೇರುದಾರರ ಪಟ್ಟಿಯಿಂದ ತೆಗೆಯಲ್ಪಟ್ಟವು. ಮೊದಲು ಕೊಟ್ಟ ಐದು ರೂಪಾಯಿ ಮಾತ್ರ ಯಾರಿಗೂ ಹಿಂದಿರುಗಲಿಲ್ಲ. ಕೊಡಲು ಕಂಪನಿಯಲ್ಲಿ ಏನೂ ಉಳಿದಿರಲಿಲ್ಲ. ಹೋದದ್ದನ್ನು ತರುವುದಾಗಿ ಸ್ವಾಮಿಯವರು ಯಾರಿಗೂ ಆಸೆ ತೋರಿಸಿರಲಿಲ್ಲ. ಅವರು ಕೋರ್ಟಿಗೆ ಹೋಗುವುದನ್ನು ಬಿಟ್ಟರೂ ಆಫೀಸಿನ ಬಾಗಿಲನ್ನು ಬೆಳಗಿನ ಹೊತ್ತು ತೆರೆದಿಡುವರೆಂದು ಕೇಳಿ ಸಂತೋಷವಾಗಿದೆ. ಕಾಗದ ಹಿಡಿದು ಬರುವವರು ಇದ್ದೇ ಇರುತ್ತಾರೆ. ಸ್ವಾಮಿಯವರ ಕಣ್ಣು ಸಣ್ಣಕ್ಷರಕ್ಕೆ ಬಹುಕಾಲ ಸೋಲದಿರಲಿ, ದನಿ ಗಟ್ಟಿಯಾಗಿರಲಿ, ನೂರು ತುಂಬುವಷ್ಟು ಕಾಲ ನಮ್ಮ ಜನ ಅವರೆದುರು ಕುಳಿತು ಕೇಳುವಂತಾಗಲಿ ಎಂದು ಮಾದಪ್ಪನಲ್ಲಿ ಬೇಡಿಕೊಳ್ಳುತ್ತೇನೆ.

ವಿಚಾರಣೆ ನಡೆದದ್ದು ಐವತ್ತನೆಯ ಇಸವಿಯ ಏಪ್ರಿಲ್‌ನಲ್ಲಿ. ನಾನು ರಜೆಗೆ ಬಂದಿದ್ದೆ. ಊರವರೆಲ್ಲ ಗಾಡಿ ಕಟ್ಟಿದಾಗ ಮನೆಯಲ್ಲಿ ಕೂರಲಾರದೆ ನಾನೂ ಹೋಗಿ ಕೋರ್ಟಿನ ಜಗಲಿಯಲ್ಲಿ ಹೆಂಗಸರ ನಡುವೆ ಕುಳಿತೆ. ಮೊದಲು ಸಾಕ್ಷಿ ಹೇಳಿದವರು ಚಿಕ್ಕಸಿದ್ದಯ್ಯ. ಕಂಪನಿಯ ಪರವಾಗಿ ಬಂದಿದ್ದ ವಕೀಲರು ಪುಸ್ತಿಕೆಯನ್ನು ತೋರಿಸಿ, ಇದನ್ನು ನಿಮಗೆ ಯಾರು ಓದಿ ಹೇಳಿದರೆಂದು ಕೇಳಿದರು.

“ನಮ್ಮ ರತ್ನವ್ವ ಓದ್ತು ಸಾ.”

“ಪೂರ್ತಿ ಓದಿದಳೋ, ಅರ್ಧ ಓದಿದಳೋ?”

“ಅರ್ಧ ಓದುದ್ದಕ್ಕ ಅದೇನ್ ನಿಮ್ಮನೆ ಎಣ್ಣಾ? ಒಂದಕ್ಸರ ಬುಟ್ಟಿಲ್ಲ. ನೀರ್ ಕುಡುದಂಗೆ ಓದ್ತು.”

ಕೋರ್ಟಿನಲ್ಲಿ ನಗೆಯೆದ್ದಿತು. ಕಂಪನಿಯ ವಕೀಲರೂ ನಕ್ಕು, ತಮಗೆ ಬೇಕಾದದ್ದು ಸಿಕ್ಕಿತೆಂದು ಕುಳಿತುಕೊಂಡರು. ಎರಡನೆಯವರಾಗಿ ಗುರುಬಸಮ್ಮನವರು ಹೋಗಿ ಅದನ್ನೇ ಹೇಳಿ ಬಂದರು. ಸ್ವಾಮಿಯವರ ಮುಖ ಸೋತಂತಿತ್ತು. ಆದರೂ ಜಗಲಿಯ ಕಡೆ ಒಂದು ಸಲವೂ ಅವರು ತಿರುಗಿ ನೋಡಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಗುರುಬಸಮ್ಮನವರು ರೊಟ್ಟಿಯ ಗಂಟು ಬಿಚ್ಚಿ ನನ್ನ ಕೈಗೆ ಅರ್ಧ ಕೊಟ್ಟು, ಬೇರೆಯವರಿಗೆ ಕೇಳದಂತೆ ಹೇಳಿದರು:

“ಎಲ್ಡು ಆಳೆ ಒಟ್ಗೆ ಮಗುಚುದ್ನ ಅವತ್ತೇ ಕಂಡಿವ್ನಿ ಕಣ್ ಮಗ. ನಿನ್ನ ಪಕ್ಕದಲ್ಲೇ ಕೂತಿದ್ನಲ್ಲ.”

ನಾನು ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡೆ. “ಮತ್ತೆ ಈಗ ಯಾಕತ್ತೆ ಹಂಗೆ ಹೇಳಿದ್ರಿ?”

“ಇನ್ನೇನ್ ಏಳ್ಬೇಕಿತ್ತು? ಓದೋ ಮಗ, ನಾಳೆ ಮದ್ವೆ ಆಗೋಳು. ಕೋರ್ಟಲ್ಲಿ ನಿನ್ನೆಸ್ರು ಕೆಡುಸ್ಬುಟ್ಟು ನಾನು ಇನ್ನೂರ್ ರೂಪಾಯಿ ಉಳುಸ್ಕಂಡು ಏನ್ ಮಾಡ್ಲಿ? ತಿನ್ನು, ಒಣಗೋಯ್ತದ.”

ನಾನು ಎದ್ದು ಹೋಗಿ, ದಿನಚರಿಯ ಹಾಳೆಯೊಂದನ್ನು ಹರಿದು, ‘ನಾನು ಸಾಕ್ಷಿ ಹೇಳುತ್ತೇನೆ. ಏಳನೆಯ ಪುಟ’ ಎಂದು ಬರೆದು ಮಹದೇವುವಿನ ಕೈಯಲ್ಲಿ ಕೊಟ್ಟು ಕಳಿಸಿದೆ. ಬಾಯಲ್ಲಿ ಹೇಳುವ ಧೈರ್ಯ ಆಗಲೂ ಬಂದಿರಲಿಲ್ಲ. ಸ್ವಾಮಿಯವರು ತಾವೇ ಹೊರಗೆ ಬಂದರು. ಚೀಟಿ ಅವರ ಕೈಯಲ್ಲಿತ್ತು.

“ಬರೆದದ್ದು ಸಾಲದಮ್ಮ, ಅಲ್ಲಿ ನಿಂತು ಹೇಳ್ಬೇಕು. ಅವರ ವಕೀಲರು ಕೇಳೋದು ಚೆನ್ನಾಗಿರೋದಿಲ್ಲ. ಯಾರು ಹೇಳಿಕೊಟ್ಟದ್ದು ಅಂತಾರೆ, ನಿಮ್ಮಕ್ಕನ ಅತ್ತೆ ದುಡ್ಡು ಉಳಿಸೋಕೆ ಬಂದೆ ಅಂತಾರೆ. ಆಗಲ್ಲ ಅನ್ನಿಸಿದ್ರೆ ಈಗ್ಲೇ ಹೇಳು. ಈ ಚೀಟಿ ನಾನು ನೋಡಿಲ್ಲ.”

ಚೀಟಿಯನ್ನು ಅವರು ನನ್ನ ಕೈಗೆ ಹಿಂದಕ್ಕೆ ಕೊಟ್ಟರು. ನಾನು ಅದನ್ನು ಇಸಕೊಂಡೆ. ಇಸಕೊಂಡು, ಬರುತ್ತೇನೆಂದು ತಲೆಯಾಡಿಸಿದೆ.

ಹೊಸ ಸಾಕ್ಷಿಗೆ ಮುನ್ಸೀಫರು ಒಪ್ಪಿದರು. ಮುನ್ಸೀಫರು ಕೊಯಮತ್ತೂರಿನ ಕಡೆಯವರು, ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುತ್ತಿದ್ದರು, ಕಠಿಣರಲ್ಲ. ಪ್ರಮಾಣ ಮಾಡಿಸಿದಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಮ್ಮ ಎಂದರು. ಸ್ವಾಮಿಯವರು ಎದ್ದು ನಿಂತರು. ನನ್ನ ಬಾಯಿಂದ ಯಾವ ಮಾತು ಬರಬೇಕೆಂಬ ಸೂಚನೆಯೇ ಇಲ್ಲದ ಒಂದೇ ಪ್ರಶ್ನೆಯನ್ನು ಕೇಳಿದರು: “ಆ ದಿನ ಓದಿದವರು ನೀವು. ಏನಾಯಿತು, ಹೇಳಿ.”

ಅಲ್ಲಿಯವರೆಗೆ ನನ್ನನ್ನು ನೀನು ಎಂದೇ ಕರೆಯುತ್ತಿದ್ದವರು ಅವರು. ಜಗಲಿಯ ಬಾಗಿಲಲ್ಲಿ ಗುರುಬಸಮ್ಮನವರು ಬೇಡವೆಂದು ತಲೆಯಾಡಿಸುತ್ತಿದ್ದುದು ಕಾಣುತ್ತಿತ್ತು. ಅವರ ಹಿಂದೆ ನಮ್ಮ ತಂದೆಯವರು ತಲೆ ತಗ್ಗಿಸಿ ನಿಂತಿದ್ದರು. ಕಾಲೇಜಿನಲ್ಲಿ ಕಲಿತ ಕನ್ನಡ ನಾಲಗೆಗೆ ಬರಲಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ, ಮುನ್ಸೀಫರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ಏಳ್ನೇ ಪುಟ ನಾನು ಓದ್ಲಿಲ್ಲ ಸ್ವಾಮಿ. ಉಳಿದ ಐದ್ರೂಪಾಯಿ ಕೊಡ್ಬೇಕು ಅಂತ ಅದ್ರಲ್ಲಿತ್ತು. ನಾನದನ್ನ ಕಣ್ಣಲ್ಲಿ ಓದ್ಕಂಡೆ, ಬಾಯಲ್ಲಿ ಓದ್ಲಿಲ್ಲ. ಇವ್ರು ಯಾರೂ ಅದನ್ನ ಕೇಳಿಲ್ಲ.”